ಹೌದ್ರಿ

ತನ್ನ ಹೆಸರು ರೂಪಾ ಎಂದು ಒಪ್ಪಿಕೊಂಡು ಆಗಲೇ ಕಾಲು ತಾಸಾಯಿತು ಎಂಬುದು ರುಬಿಯಾಳಿಗೆ ಹೊಳೆದದ್ದು ಪ್ರಾಗ್ ಊರಿನ ಹಳೆಯ ಕಲ್ಲುಸೇತುವೆಯ ಮೇಲೆ, ಒಬ್ಬ ಮುದುಕಿಯ ಕೈಹಿಡಿದು ಜನರ ಸಂದಿಯಲ್ಲಿ ದಾರಿ ಮಾಡಿಕೊಂಡು ನಡೆಯುತ್ತಿರುವಾಗ. ಮೊದಲು ನಗು ಬಂತು. ಇದೇನು ದೊಡ್ಡ ಮಾತು, ಅರ್ಧ ನಿಮಿಷದಲ್ಲಿ ತಿದ್ದಿದರಾಯಿತು ಅಂದುಕೊಂಡಳು. ಅವಳೇನು ಬಾಯಿಸತ್ತ ಹುಡುಗಿಯಲ್ಲ. ‘ಮಾಬುಸಾಬನ ಮಗಳ ಬಾಯಿಗೆ ಹತ್ತಬ್ಯಾಡ್ರಿ’ ಎಂಬ ಮಾತು ಅಣ್ಣಿಗೇರಿಯ ಅವರ ಓಣಿಯಲ್ಲಿ ಅವಳು ಏಳನೆಯ ಇಯತ್ತೆಗೆ ಬರುವ ಹೊತ್ತಿಗೇ ಚಾಲ್ತಿಯಲ್ಲಿತ್ತು. ಡ್ರೆಸ್ಡೆನ್‌ಗೆ ಓದಲು ಬಂದ ಮೊದಲ ವಾರ ಪ್ರೊಫೆಸರರು ಅವಳ ಹೆಸರನ್ನು ತಮಗೆ ತಿಳಿದ ಹಾಗೆ ತಿರುಚಿ ಕರೆದಾಗ ಎದ್ದು ನಿಂತು, ಹಾಗಲ್ಲ ಹೀಗೆ ಎಂದು ಇಡೀ ವರ್ಗದ ಎದುರಿಗೆ ಮೂರು ಸಲ ಹೇಳಿಸಿ, ಸರಿಯಾಗಿ ಅಂದಮೇಲೆಯೇ ಕೂತಿದ್ದಳು. ಅಂಥವಳು ಈಗ ರೂಪಾ ಆಗಿ ನಡೆಯುತ್ತಿದ್ದಳು, ಅದರಲ್ಲಿ ಅವಳಿಗೊಂದು ಸುಖವೂ ಇತ್ತು. ಹೆಸರು ತಪ್ಪಿದ್ದಕ್ಕಿಂತ ಆ ಸುಖವೇ ಅವಳನ್ನು ಹೆಚ್ಚು ಚುಚ್ಚುತ್ತಿತ್ತು.

ಬೆಳಿಗ್ಗೆ ಡ್ರೆಸ್ಡೆನ್‌ನಿಂದ ಬಸ್ಸಿನಲ್ಲಿ ಬಂದವರು ಮೂವರು: ಅವಳು, ಅವಳ ವರ್ಗದ ಜರ್ಮನ್ ಹುಡುಗಿ ಲೀನಾ, ಮತ್ತು ಅದೇ ವಿಶ್ವವಿದ್ಯಾಲಯದಲ್ಲಿ ಯಂತ್ರವಿದ್ಯೆ ಓದುತ್ತಿದ್ದ ಕುಂದಗೋಳದ ಹೇಮಂತ. ಶನಿವಾರ ರವಿವಾರ ಎರಡು ದಿನ ಊರು ನೋಡಿ ಮರಳುವುದು ಎಂದು ಮಾತಾಗಿತ್ತು. ಮೊದಲಿಗೆ ಹೋದದ್ದು ಆ ಹೆಸರಾದ ಗಡಿಯಾರದ ಕಡೆಗೆ. ತಾಸಿಗೊಮ್ಮೆ ಅದರ ಕಿಟಕಿ ತೆರೆದು ಗೊಂಬೆಗಳು ಮೆರವಣಿಗೆ ಹೋಗುತ್ತವೆ, ಕೆಳಗೆ ಜಗತ್ತಿನ ಜನರೆಲ್ಲ ಫೋನು ಎತ್ತಿ ಹಿಡಿದು ನಿಲ್ಲುತ್ತಾರೆ. ಆಟ ಒಂದು ನಿಮಿಷವೂ ಇರಲಿಲ್ಲ. ‘ಇಷ್ಟಕ್ಕ ಇಷ್ಟ ಮಂದಿ?’ ಎಂದು ಹೇಮಂತ ಗೊಣಗಿದ. ಜನ ಚದುರತೊಡಗಿದಾಗ ಒಬ್ಬ ಹೆಂಗಸು ಮಾತ್ರ ನಿಂತಲ್ಲೇ ನಿಂತು, ಹೋಗುವವರ ಮುಖಗಳನ್ನು ಒಂದೊಂದಾಗಿ ಹುಡುಕುತ್ತಿದ್ದಳು. ಇಳಕಲ್ ಸೀರೆ, ಅದರ ಮೇಲೆ ಗಂಡಸರ ಸ್ವೆಟರ್, ಕಾಲಲ್ಲಿ ಹೊಸ ನೀಲಿ ಬೂಟು. ‘ಎಲ್ಲಿ ಹ್ವಾದ್ರವ್ವಾ ಇವ್ರೆಲ್ಲಾ’ ಎಂದು ತನ್ನಷ್ಟಕ್ಕೆ ತಾನೇ ಅನ್ನುತ್ತಿದ್ದಳು. ರುಬಿಯಾಳ ಕಾಲು ತಾವಾಗಿ ಆ ಕಡೆ ನಡೆದವು.

“ಯಾರನ್ನ ಹುಡಕಾಕತ್ತೀರಿ ಅವ್ವಾರ?”

ಮುದುಕಿ ತಿರುಗಿ ಎರಡೂ ಕೈಯಿಂದ ಅವಳ ಗಲ್ಲ ಹಿಡಿದುಕೊಂಡಳು. “ಯವ್ವಾ! ನಮ್ಮ ಮಾತು!” ಅಂದಳು. ಕಣ್ಣು ತುಂಬಿ ಬಂದಿದ್ದವು. ಗುಂಪಿನಿಂದ ತಪ್ಪಿಸಿಕೊಂಡ ಮಾತು ಹಿಂದೆ ಸರಿದು, ಗುರುತಿನ ಮಾತು ಮುಂದೆ ಬಂತು. “ಯಾವೂರವ್ವಾ ನೀ?”

“ಅಣ್ಣಿಗೇರಿ ರೀ.”

“ಅಣ್ಣಿಗೇರಿ! ನಾವು ಗುಡಗೇರಿ. ಯಾರ ಪೈಕಿ?”

“ಕಾಳಿನ ವ್ಯಾಪಾರದವ್ರ ಪೈಕಿ ರೀ.”

“ಹೆಸರೇನು?”

ಸರಿಯಾಗಿ ಆಗಲೇ ಬಾಜುವಿನ ಚರ್ಚಿನ ಗಂಟೆ ಬಡಿಯತೊಡಗಿತು. ರುಬಿಯಾ ಎಂದದ್ದರಲ್ಲಿ ಅರ್ಧ ಆ ಗಂಟೆಯ ಸದ್ದಿನಲ್ಲಿ ಮುಳುಗಿಹೋಯಿತು. “ರೂಪಾ? ಚಂದ ಹೆಸರು” ಅಂದಳು ಮುದುಕಿ. ರುಬಿಯಾ “ಹೌದ್ರಿ” ಅಂದಳು. ಅದನ್ನು ಅವಳು ಅಂದದ್ದಲ್ಲ, ಬಾಯಿ ಅಂದದ್ದು. ಆ ಕಡೆಯ ಮಕ್ಕಳಿಗೆ ಹಲ್ಲು ಮೂಡುವ ಮೊದಲೇ ಹಿರಿಯರ ಮಾತಿಗೆ ಹೌದ್ರಿ ಅನ್ನುವುದು ಮೂಡಿರುತ್ತದೆ. ಮಾತು ಸರಿಯೋ ತಪ್ಪೋ ಎಂಬುದು ಆಮೇಲಿನ ಪ್ರಶ್ನೆ. ಹಿಂದೆ ನಿಂತಿದ್ದ ಹೇಮಂತ ಕಿಸಕ್ಕನೆ ನಕ್ಕದ್ದು ಅವಳಿಗೆ ಕೇಳಿಸಿತು.

ಮುದುಕಿಯ ಹೆಸರು ಗುರವ್ವ. ಗಂಡನ ಜೊತೆ ಪ್ರವಾಸದ ಗುಂಪಿನಲ್ಲಿ ಬಂದಿದ್ದಳು. ಕೊರಳಲ್ಲಿದ್ದ ಚೀಟಿಯ ಮೇಲಿನ ನಂಬರಿಗೆ ಹೇಮಂತ ಫೋನು ಹಚ್ಚಿದ. ಗುಂಪಿನ ಮುಂದಾಳು, ಬಸ್ಸು ಸೇತುವೆಯ ಆಚೆ ನಿಂತಿದೆ, ಅಲ್ಲಿಗೇ ಕರೆತನ್ನಿ ಎಂದ. ಎರಡು ಬಸ್ಸಿವೆ, ಇವರು ಯಾರ ಮನೆಯವರು, ಯಜಮಾನರ ಹೆಸರು ಕೇಳಿ ಎಂದ. ಅಲ್ಲಿಗೆ ಗಾಡಿ ನಿಂತಿತು. ಗುರವ್ವ ಗಂಡನ ಹೆಸರು ಹೇಳಲೊಲ್ಲಳು. “ಅವ್ರ ಹೆಸರು ಹೆಂಗ ಹೇಳ್ಲೆವಾ” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಾಚಿದಳು. ಮುದುಕಿಗೆ ಮೈಸರಿ ಇಲ್ಲವೇನೋ ಎಂದು ಲೀನಾ ನೀರಿನ ಬಾಟಲಿ ತೆಗೆದಳು. ರುಬಿಯಾ ಗುರವ್ವನ ಕಿವಿಗೆ ಬಾಗಿ, “ಒಡಪ ಹಾಕಿ ಹೇಳ್ರಿ ಅವ್ವಾರ, ಒಡಪಿನ್ಯಾಗ ಹೇಳಿದ್ರ ನಡೀತೈತಿ” ಅಂದಳು. ಗುರವ್ವ ಒಂದು ಗಳಿಗೆ ಆಕಾಶ ನೋಡಿ, ಹೆಸರನ್ನು ಪ್ರಾಸದಲ್ಲಿ ಕಟ್ಟಿ, ದನಿ ಎತ್ತಿ ಹೇಳಿಯೇಬಿಟ್ಟಳು:

“ಗಡಿಯಾರದಾಗಿನ ಗೊಂಬಿ ನೋಡಾಕ ನಿಂತಿದ್ದೆ ಕತ್ತೆತ್ತಿ,
ಮಡಿವಾಳೆಪ್ಪನವ್ರು ನಡದ್ರು ನನ್ನ ಬಿಟ್ಟು ಮಂದಿ ಬೆನ್ಹತ್ತಿ!”

ಹೇಮಂತ ಫೋನಿನಲ್ಲಿ “ಮಡಿವಾಳೆಪ್ಪನವ್ರಂತ್ರಿ” ಎಂದು ವರದಿ ಮಾಡಿದ. ರುಬಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಡ್ರೆಸ್ಡೆನ್‌ಗೆ ಬಂದಮೇಲೆ ಅವಳು ಹಾಗೆ ನಕ್ಕದ್ದೇ ಇರಲಿಲ್ಲ. ಆ ಕ್ಷಣದಲ್ಲಿ ಅವಳಿಗೆ ಗುರವ್ವನ ಮೇಲೆ ಪ್ರೀತಿ ಹುಟ್ಟಿತು, ಮತ್ತು ತೊಡಕಾದದ್ದು ಅಲ್ಲಿಯೇ. ಪ್ರೀತಿ ಹುಟ್ಟದಿದ್ದರೆ ಸೇತುವೆ ಹತ್ತುವ ಮೊದಲೇ ಹೆಸರು ತಿದ್ದಿ ಮುಗಿಸಿರುತ್ತಿದ್ದಳು.

ಸೇತುವೆಯ ಎರಡೂ ಬದಿಗೆ ಕಪ್ಪಾದ ಕಲ್ಲಿನ ಸಂತರು ನಿಂತಿದ್ದರು. ಕೆಳಗೆ ಹೊಳೆ ಅಗಲವಾಗಿ, ಅವಸರವಿಲ್ಲದೆ ಹರಿಯುತ್ತಿತ್ತು. ಗುರವ್ವ ಹೊಳೆಯನ್ನೂ ನೋಡಲಿಲ್ಲ, ಸಂತರನ್ನೂ ನೋಡಲಿಲ್ಲ. ಎಂಟು ದಿನದಿಂದ ಹೊಟ್ಟೆಯಲ್ಲಿ ಕಟ್ಟಿಕೊಂಡಿದ್ದ ಮಾತನ್ನೆಲ್ಲ ಸುರುವಿದಳು. ಇಲ್ಲಿಯ ರೊಟ್ಟಿ ಇಟ್ಟಂಗಿಯಂತೆ ಗಟ್ಟಿ, ಚಹಾಕ್ಕೆ ಹಾಲು ಹಾಕಲು ಕೈ ನಡುಗುತ್ತದೆ ಇವರಿಗೆ, ಎಲ್ಲ ಊರೂ ಒಂದೇ ಥರ. ನಡುವೆ ನಿಂತು ರುಬಿಯಾಳ ಮುಖ ನೋಡಿ ಹೇಳಿದಳು, “ನಿನ್ನ ಮಾತ ಕೇಳಿದ್ರ ತವರಮನಿ ಅಂಗಳದಾಗ ಕುಂತಂಗ ಆಕ್ಕೈತಿ ನೋಡ ರೂಪವ್ವಾ. ಅಗದಿ ಬೆಣ್ಣಿ.” ರುಬಿಯಾ ಕಾದಳು. ಆ ಮಾತಿನ ಬಾಲಕ್ಕೆ ಇನ್ನೊಂದು ಮಾತು ಬರಬೇಕಾಗಿತ್ತು, ಯಾವಾಗಲೂ ಬರುತ್ತಿತ್ತು. ಎಂಟನೆಯ ಇಯತ್ತೆಯಲ್ಲಿ ಭಾಷಣ ಸ್ಪರ್ಧೆಗೆ ನಿಂತು, ಕಾಗದ ನೋಡದೆ ಹತ್ತು ನಿಮಿಷ ಮಾತಾಡಿ ತಾಲೂಕಿಗೇ ಮೊದಲನೆಯವಳಾದಾಗ, ಬಹುಮಾನ ಕೊಡಲು ಬಂದ ಹಿರಿಯರು ಮೈಕಿನ ಮುಂದೆ ಅವಳ ತಲೆಯ ಮೇಲೆ ಕೈಯಿಟ್ಟು, ‘ಸಾಬರ ಹುಡುಗಿ ಆದ್ರೂ ಎಷ್ಟ ಸ್ವಚ್ಛ ಕನ್ನಡ ಐತಿ ನೋಡ್ರಿ’ ಅಂದಿದ್ದರು. ಜನ ಚಪ್ಪಾಳೆ ಹೊಡೆದರು, ಅವಳ ಅಮ್ಮಿಯೂ ಹೊಡೆದಳು. ಆ ‘ಆದ್ರೂ’ ಆಮೇಲೆ ಅವಳ ಬೆನ್ನು ಬಿಡಲಿಲ್ಲ. ಕಾಲೇಜಿನಲ್ಲಿ ಬಂತು, ಬಸ್‌ಸ್ಟ್ಯಾಂಡಿನಲ್ಲಿ ಬಂತು, ಹುಬ್ಬಳ್ಳಿಯಲ್ಲಿ ರೂಮು ಹುಡುಕುವಾಗ ಮನೆಯೊಡತಿಯ ಬಾಯಲ್ಲೂ ಬಂತು. ಕೆಟ್ಟ ಮಾತಾಗಿದ್ದರೆ ಅವಳು ತಿರುಗಿಸಿ ಕೊಡುತ್ತಿದ್ದಳು. ಹೊಗಳಿಕೆಗೆ ಏನೆಂದು ತಿರುಗಿಸಿ ಕೊಡುವುದು? ಈಗ ಗುರವ್ವ ಮುಂದಿನ ಮಾತಿಗೆ ಹೋಗಿಬಿಟ್ಟಿದ್ದಳು. ಬೆಣ್ಣೆ ಅಂದರೆ ಬೆಣ್ಣೆ, ಮುಗಿಯಿತು. ಹುಟ್ಟಿದಂದಿನಿಂದ ಮೊದಲ ಸಲ ತನ್ನ ಮಾತಿನ ಹೊಗಳಿಕೆ ಇಡಿಯಾಗಿ ತನ್ನ ಕೈಗೆ ಬಂದಿತ್ತು, ಮತ್ತು ಅದು ರೂಪಾ ಎಂಬವಳಿಗೆ ಸಂದಿತ್ತು.

ಇನ್ನೆರಡು ಸಂತರ ಮೂರ್ತಿ ದಾಟಲಿ, ಆಮೇಲೆ ಹೇಳುತ್ತೇನೆ ಅಂದುಕೊಂಡಳು. ಎರಡು ಹೋದವು, ನಾಲ್ಕು ಹೋದವು. ತನ್ನನ್ನು ಕಂಡು ತನಗೇ ಮೋಜೆನಿಸಿತು. ಇಷ್ಟು ದುರಾಸೆಯವಳು ತಾನು ಎಂದು ಗೊತ್ತಿರಲಿಲ್ಲ.

“ನಮ್ಮ ಬಾಜೂಮನ್ಯಾಗ ಅಮೀರಬಿ ಅಂತ ಒಬ್ಬಾಕಿ ಅದಾಳ,” ಗುರವ್ವ ಹೇಳುತ್ತಿದ್ದಳು. ತನ್ನ ಬಟ್ಟೆ ಗಂಟು ಕಟ್ಟಿಕೊಟ್ಟದ್ದೂ, ಈ ಬೂಟು ಹಾಕಿಕೊಳ್ಳಲು ಕಲಿಸಿದ್ದೂ ಅವಳೇ ಅಂತೆ. “ನಾ ಎರಡನೇ ಕೂಸಿನ್ನ ಹಡದು ಎರಡ ತಿಂಗಳ ಹಾಸಿಗಿ ಹಿಡದಾಗ ನನ್ನ ಹಿರೇಮಗನ್ನ ಆಕಿನ ಜ್ವಾಪಾನ ಮಾಡಿದ್ಲು. ತನ್ನ ಮಗ್ಗಲದಾಗ ಹಾಕ್ಕೊಂಡು ಮಲಗತಿದ್ಲು. ಸಾಬರಾಕಿ ಆದ್ರೂ ಭಾಳ ಚೊಲೊ ಹೆಣಮಗಳು. ನಮ್ಮವ್ರಿಗೂ ಅಷ್ಟ ಅಂತಃಕರಣ ಇರೂದಿಲ್ಲ. ಹೌದಲ್ಲೇನವಾ?”

“ಹೌದ್ರಿ.”

ಅಂದದ್ದು ಕಿವಿಗೆ ಬಿದ್ದಾಗ ರುಬಿಯಾಳ ಕಾಲು ನಿಂತವು. ಹಿಂದಿನಿಂದ ಬರುತ್ತಿದ್ದ ಯಾರದೋ ಬ್ಯಾಗು ಬೆನ್ನಿಗೆ ತಾಗಿತು. ರೂಪಾ ಎಂಬ ಹೆಸರಿಗೆ ಹೌದ್ರಿ ಅಂದದ್ದು ಬಾಯಿಯ ತಪ್ಪು, ಗಂಟೆಯ ತಪ್ಪು, ಅದಕ್ಕೆ ಕ್ಷಮೆಯುಂಟು. ಇದಕ್ಕೆ? ಪಿಯುಸಿ ಮೊದಲ ವರ್ಷದಲ್ಲಿದ್ದಾಗ ಒಂದು ದಿನ ಅವಳು ಅಬ್ಬಾನಿಗೆ ಬುತ್ತಿ ಕೊಡಲು ಅಂಗಡಿಗೆ ಹೋಗಿದ್ದಳು. ಕಡಲೆಯ ಚೀಲಗಳ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ ದೊಡ್ಡ ಹೊಲದ ಯಜಮಾನರೊಬ್ಬರು, ‘ನಿಮ್ಮ ಮಂದ್ಯಾಗ ನಿನ್ನಂಥಾ ಪ್ರಾಮಾಣಿಕ ಮತ್ತೊಬ್ಬಾಂವ ಸಿಗೂದಿಲ್ಲ ನೋಡ ಮಾಬುಸಾಬ’ ಅಂದರು. ಅಬ್ಬಾ ತಕ್ಕಡಿಯಿಂದ ಕಣ್ಣು ತೆಗೆಯದೆ ‘ಹೌದ್ರಿ’ ಅಂದ. ಆ ಸಂಜೆ ಅವನು ಊಟಕ್ಕೆ ಕೂತಾಗ ಅವಳು ಮನೆಯ ಉರ್ದುವಿನಲ್ಲೇ ಶುರು ಮಾಡಿ, ಸಿಟ್ಟು ನೆತ್ತಿಗೇರಿದಾಗ ಎಂದಿನಂತೆ ಕನ್ನಡಕ್ಕೆ ಬಂದಿದ್ದಳು. “ನಮ್ಮ ಮಂದೆಲ್ಲಾ ಕಳ್ಳರು ಅಂದಾಂವಗ ಹೌದ್ರಿ ಅಂದ್ರೆಲ್ಲಾ ಅಬ್ಬಾ, ನಿಮಗ ನಾಚಿಕಿ ಬರಲಿಲ್ಲೇನು?” ಅಬ್ಬಾ ತುತ್ತನ್ನು ತಾಟಿನಲ್ಲೇ ಇಟ್ಟ. “ಹೌದ್ರಿ ಅಂದ್ರ ಹೌದು ಅಂತಲ್ಲ ಬೇಟಾ, ಕೇಳಾಕತ್ತೇನಿ ಅಂತ. ಕೇಳಿದ್ರ ಏನ ಹೋಕ್ಕೈತಿ?” “ಮಾನ ಹೋಕ್ಕೈತಿ” ಅಂದಿದ್ದಳು. ಅವನು ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡ. ಆಮೇಲೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಅವಳು ತಪ್ಪಾಯಿತು ಅನ್ನಲಿಲ್ಲ, ಯಾಕೆಂದರೆ ತಪ್ಪಾಗಿದೆ ಎಂದು ಅವಳಿಗೆ ಅನ್ನಿಸಿರಲಿಲ್ಲ. ಇಂದಿಗೂ ಅನ್ನಿಸುತ್ತಿರಲಿಲ್ಲ. ತಾನು ಆಡಿದ್ದು ಖರೇ ಮಾತು. ಆದರೆ ಅದನ್ನು ಆಡುವ ಹಕ್ಕು ಈಗ ಎಲ್ಲಿ ಉಳಿಯಿತು? ಅಬ್ಬಾನಿಗೆ ದಿನ ಬೆಳಗಾದರೆ ಅದೇ ಊರು, ಅದೇ ಅಂಗಡಿ, ಅದೇ ಯಜಮಾನರ ಮುಖ. ತನಗೆ ಏನಿತ್ತು? ಅರ್ಧ ತಾಸಿನ ಮುದುಕಿ, ಮತ್ತು ‘ಬೆಣ್ಣಿ’ ಎಂಬ ಒಂದು ಮಾತು. ಅವನು ಸಂಸಾರಕ್ಕಾಗಿ ಅಂದದ್ದನ್ನು ತಾನು ಚಪಲಕ್ಕಾಗಿ ಅಂದಳು. ಅವಳು ಸೇತುವೆಯ ಗೋಡೆಗೆ ಕೈಯೂರಿ ನಿಂತಳು.

ಲೀನಾ ಗುರವ್ವನನ್ನು ಒಬ್ಬ ಸಂತನ ಕೆಳಗೆ ನಿಲ್ಲಿಸಿ ಫೋಟೊ ತೆಗೆಯಲು ಸುರುಮಾಡಿದ್ದಳು. ಗುರವ್ವ ಸೆರಗು ಸರಿಮಾಡಿಕೊಂಡು, ನಗಬಾರದೆಂದು ತುಟಿ ಬಿಗಿಹಿಡಿದು ನಿಂತಳು. ಲೀನಾ ಒಮ್ಮೆ ಇತ್ತ ತಿರುಗಿ ಜರ್ಮನಿನಲ್ಲಿ ಕೇಳಿದಳು, ಆ ಹೌದ್ರಿ ಅಂದರೇನು, ನೀನು ಹತ್ತಾರು ಸಲ ಅಂದೆ. ಹೌದು ಅಂತ, ಅಂದಳು ರುಬಿಯಾ. ಎಲ್ಲದಕ್ಕೂ ಹೌದೇ? ಲೀನಾ ನಕ್ಕು ಮತ್ತೆ ಫೋನಿನ ಕಡೆ ತಿರುಗಿದಳು.

“ನಾ ಹೇಳಾಕಿ ಅದೇನಿ,” ರುಬಿಯಾ ಹೇಮಂತನಿಗೆ ಅಂದಳು.

“ಏನ ಹೇಳ್ತಿ?”

“ನನ್ನ ಹೆಸರು.”

“ಬಿಡಲೇ. ಇನ್ನ ಹತ್ತ ಮಿನಿಟಿಗೆ ಬಸ್ ಹತ್ತಿ ಹೋಕ್ಕಾಳ. ಮುದುಕಿ ಖುಷೀಲೆ ಅದಾಳ, ಯಾಕ ಕೆಡಸ್ತಿ? ಆಕಿ ಏನರ ಕೆಟ್ಟ ಅಂದ್ಲೇನು? ಚೊಲೋನ ಅಂದ್ಲಲ್ಲ.”

“ನಿನಗ ಯಾರರ ಅಂದಾರೇನು, ‘ಲಿಂಗಾಯತರಾಂವ ಆದ್ರೂ ಚೊಲೊ ಹುಡುಗ’ ಅಂತ?”

ಹೇಮಂತ ನಗಲು ಬಾಯಿ ತೆರೆದ. ನಗಲಿಲ್ಲ. ಅವನು ಒಳ್ಳೆಯವನು, ಯೋಚಿಸುತ್ತಿದ್ದ. ಯಾರೂ ಅಂದದ್ದು ನೆನಪಿಗೆ ಬರಲಿಲ್ಲವೆಂದು ಕಾಣುತ್ತದೆ. “ಹಂಗ ಹೇಳೂದಿದ್ರ ಮೊದಲ ಹೇಳಬೇಕಿತ್ತು. ಈಗ ಮೋಸ ಮಾಡಿದಂಗ ಆಕ್ಕೈತಿ” ಅಂದ. ಅದು ನಿಜವೇ ಆಗಿತ್ತು, ಆದ್ದರಿಂದ ಅವಳಿಗೆ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು. ಗಡಿಯಾರದ ಕೆಳಗೆ ಕಿಸಕ್ಕನೆ ನಗುವ ಬದಲು ಇವನೇ ‘ರೂಪಾ ಅಲ್ರಿ, ರುಬಿಯಾ’ ಅನ್ನಬಹುದಿತ್ತಲ್ಲ. ಆದರೆ ಇವನು ಯಾಕೆ ಅನ್ನಬೇಕು, ಹೆಸರು ಇವನದಲ್ಲ. ಅಂಜಿಕೆ ಎಲ್ಲಿಯದೆಂದು ಅವಳು ತನ್ನನ್ನೇ ಹಿಡಿದು ಕೇಳಿಕೊಂಡಳು. ಗುರವ್ವ ಬೈದಾಳೆಂಬ ಅಂಜಿಕೆಯಲ್ಲ, ಬೈಗಳಿಗೆ ತನ್ನಲ್ಲಿ ಬೇಕಾದಷ್ಟು ಉತ್ತರವಿದೆ. ತನ್ನ ಕೈ ಹಿಡಿದ ಆ ಒರಟು ಬೆಚ್ಚನೆಯ ಕೈ, ಹೆಸರು ಕೇಳಿದೊಡನೆ ಸಡಿಲಾದರೆ? ಅದನ್ನು ನೋಡಬೇಕಾದೀತಲ್ಲ ಎಂಬುದೇ ಅಂಜಿಕೆ. ಗೊತ್ತಾದಮೇಲೆ ಅದು ಅಷ್ಟು ದೊಡ್ಡದೆನಿಸಲಿಲ್ಲ. ನೋಡಿದರಾಯಿತು, ಅಂದುಕೊಂಡಳು. ಫೋಟೊ ಮುಗಿಸಿ ಬಂದ ಗುರವ್ವ ಮತ್ತೆ ಅವಳ ಕೈ ಹಿಡಿದುಕೊಂಡಳು. ನಾಲ್ವರೂ ಸೇತುವೆ ಇಳಿದರು.

ಹೊಳೆಯ ದಂಡೆಗುಂಟ ಬಸ್ಸುಗಳು ಸಾಲಾಗಿ ನಿಂತಿದ್ದವು. ಅವುಗಳೊಳಗೊಂದರ ಬಾಗಿಲಲ್ಲಿ ಕಾಯುತ್ತಿದ್ದ ಸಣಕಲು ಮುದುಕ ಇವರನ್ನು ಕಂಡದ್ದೇ ಓಡುವ ಹಾಗೆ ಬಂದ. ಆತನೇ ಮಡಿವಾಳೆಪ್ಪ. “ಎಲ್ಲಿ ಸತ್ತಿದ್ದಿ? ಹಿಂದ ಹಿಂದ ಬಾ ಅಂತ ಹೇಳಿದ್ನಿಲ್ಲ?” ಎಂದು ಹೆಂಡತಿಯನ್ನು ಬೈದ. ಬೈಯುತ್ತಲೇ ಅವಳ ಕೊರಳ ಚೀಟಿಯನ್ನು ಸರಿಮಾಡಿದ. ಗುರವ್ವ ಅದಕ್ಕೆ ಸೊಪ್ಪು ಹಾಕದೆ, “ನೋಡ್ರಿಲ್ಲೆ, ಅಣ್ಣಿಗೇರಿ ಹುಡುಗಿ. ಕಾಳಿನ ವ್ಯಾಪಾರದವ್ರ ಪೈಕಿ. ರೂಪಾ ಅಂತ. ನಮ್ಮ ಮನಿಮಗಳು ಕರಕೊಂಡ ಬಂದಂಗ ಕರಕೊಂಡ ಬಂದ್ಲು” ಎಂದು ರುಬಿಯಾಳನ್ನು ಮುಂದೆ ಎಳೆದಳು. ಮಡಿವಾಳೆಪ್ಪ ಕೈಮುಗಿದ. ಜೇಬಿನಿಂದ ಫೋನು ತೆಗೆದು, ಕನ್ನಡಕ ಏರಿಸಿದ. “ನಿನ್ನ ನಂಬರ ಹೇಳವ್ವಾ, ಹಾಕ್ಕೋತೇನಿ. ಊರಿಗೆ ಬಂದಾಗ ಮನಿಗೆ ಬರಬೇಕು, ಬಿಡೂ ಮಾತಿಲ್ಲ. ರೂಪಾ ಅಂದ್ರಲ್ಲ, ಅಡ್ಡಹೆಸರು?”

“ರೂಪಾ ಅಲ್ರಿ,” ಅಂದಳು. ದನಿ ತಾನು ಎಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು. “ರುಬಿಯಾ. ಅಣ್ಣಿಗೇರಿ ಮಾಬುಸಾಬರ ಮಗಳು.”

ಮಡಿವಾಳೆಪ್ಪನ ಬೆರಳು ಫೋನಿನ ಮೇಲೆ ನಿಂತಿತು. ಗುರವ್ವ ಅವಳ ಮುಖವನ್ನು ಮೊದಲ ಸಲ ನೋಡುವವಳಂತೆ ನೋಡಿದಳು.

“ಅಂದ್ರ... ನೀವು ಸಾಬರು?”

ನೀ ಹೋಗಿ ನೀವು ಆಗಿತ್ತು. “ಹೌದ್ರಿ” ಅಂದಳು ರುಬಿಯಾ. ಕೈ ಸಡಿಲಾಯಿತು. ಪೂರ್ತಿ ಬಿಡಲಿಲ್ಲ, ಹಿಡಿಯಲೂ ಇಲ್ಲ. ಬೆರಳುಗಳು ಅಲ್ಲಿಯೇ ಇದ್ದವು, ಅವುಗಳಲ್ಲಿ ಬಲ ಇರಲಿಲ್ಲ. ಅವಳು ಅದನ್ನು ನೋಡಿದಳು. ನೋವಾಯಿತು. ಆದರೂ ನಿಂತೇ ಇದ್ದಳು.

“ಮತ್ತ ರೂಪಾ ಅಂದಾಗ ಹೌದ್ರಿ ಅಂದಿ?”

“ಅದು ನನ್ನ ತಪ್ಪ್ರಿ ಅವ್ವಾರ. ನೀವು ನನ್ನ ಮಾತ ಹೊಗಳಿದ್ರಿ, ಕೇಳಾಕ ಚೊಲೊ ಅನಿಸ್ತು, ಬಾಯಿ ಮುಚ್ಚಿಕೊಂಡು ಬಂದೆ. ಆದ್ರ ಅಮೀರಬಿ ಅವ್ರ ಮಾತಿಗೂ ಹೌದ್ರಿ ಅಂದೆ. ಅದನ್ನ ಮಾತ್ರ ನಾ ತಿರುಗಿ ತಗೋತೇನ್ರಿ.”

ಬಸ್ಸಿನ ಕಿಟಕಿಗಳಲ್ಲಿ ಒಂದೊಂದಾಗಿ ಮುಖಗಳು ಮೂಡಿದವು. ಡ್ರೈವರ್ ಎಂಜಿನು ಸುರುಮಾಡಿದ. ಗುರವ್ವನ ಮುಖ ಕೆಂಪಾಗಿತ್ತು. ಸಿಟ್ಟೋ ಅವಮಾನವೋ ಅವಳಿಗೇ ತಿಳಿದಿರಲಿಕ್ಕಿಲ್ಲ. “ನಾ ಏನ ಅಂದ್ನೆವಾ ಅಂಥಾದ್ದು? ಅಮೀರಬಿಗೆ ನಾ ಕೆಟ್ಟ ಅಂದ್ನೇನು? ಚೊಲೊ ಹೆಣಮಗಳು ಅಂತನ ಅಂದೆ. ಆಕಿ ಉಪಕಾರ ನಾ ಸಾಯೂತನಕ ಮರಿಯಾಂಗಿಲ್ಲ. ಚೊಲೊ ಅಂದದ್ದು ತಪ್ಪಾತೇನು?”

ಹೇಮಂತ ಮುಂದೆ ಬಂದು “ಏನಿಲ್ರಿ ಅವ್ವಾರ, ಆಕಿ ಸುಮ್ನ...” ಅನ್ನತೊಡಗಿದ. ರುಬಿಯಾ ಅವನ ತೋಳು ಹಿಡಿದು ಹಿಂದಕ್ಕೆ ಸರಿಸಿದಳು. ಇಲ್ಲಿ ಒಂದೇ ಒಂದು ‘ತಪ್ಪೇನಿಲ್ರಿ’ ಸಾಕಿತ್ತು. ಮುದುಕಿ ಸಮಾಧಾನದಿಂದ ಬಸ್ಸು ಹತ್ತುತ್ತಿದ್ದಳು, ಕಿಟಕಿಯಿಂದ ಕೈ ಬೀಸುತ್ತಿದ್ದಳು, ಎಲ್ಲ ಸುಸೂತ್ರವಾಗುತ್ತಿತ್ತು. ಅಬ್ಬಾ ನಲವತ್ತು ವರ್ಷ ಹಾಗೆ ಸುಸೂತ್ರ ಮಾಡಿದ್ದ. ಅವನಿಗೆ ಆಗ ಹೇಳಿದ ಮಾತನ್ನು ತಾನು ಈಗ ಮಾಡಿ ತೋರಿಸದಿದ್ದರೆ, ಆ ಸಂಜೆ ಸುಮ್ಮನೆ ಒಬ್ಬ ದಣಿದ ಮನುಷ್ಯನ ಊಟ ಕೆಡಿಸಿದ ಹಾಗಾಗುತ್ತದೆ.

“ಚೊಲೊ ಅಂದದ್ದು ತಪ್ಪಲ್ರಿ,” ಅಂದಳು. “‘ಆದ್ರೂ’ ಅಂದದ್ದು ತಪ್ಪ್ರಿ.”

ಗುರವ್ವನ ಹುಬ್ಬು ಗಂಟಿಕ್ಕಿದವು. ಮುಂದಾಳು ಒಳಗಿನಿಂದ “ಹತ್ರಿ ಹತ್ರಿ, ಅಗದಿ ಹೊತ್ತಾತು” ಎಂದು ಕೂಗಿದ. ಮಡಿವಾಳೆಪ್ಪ ಹೆಂಡತಿಯ ಸ್ವೆಟರ್ ತೋಳು ಹಿಡಿದು ಮೆಲ್ಲಗೆ ಎಳೆದ, “ನಡಿ, ಇಲ್ಲೇನ ನ್ಯಾಯ ಹಚ್ಚೀರಿ” ಅಂದ. ಗುರವ್ವ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟಳು. ಅವಳ ತುಟಿ ಅಲುಗುತ್ತಿತ್ತು, ಒಳಗೇ ಆ ‘ಆದ್ರೂ’ ಎಂಬುದನ್ನು ಹಾಕಿ ನೋಡುತ್ತಿದ್ದಳು, ತೆಗೆದು ನೋಡುತ್ತಿದ್ದಳು. ಗುರವ್ವ ಮೆಟ್ಟಿಲಿಂದ ಕಾಲು ತೆಗೆದು ನೆಲದ ಮೇಲಿಟ್ಟಳು.

“ಬಸ್ ನಿಂದ್ರಸು ಅನ್ರಿ ಅವಂಗ,” ಎಂದು ಗಂಡನಿಗೆ ಹೇಳಿದಳು. “ಈ ಹುಡುಗಿ ಏನೋ ಹೇಳಾಕತ್ತಾಳ, ನನಗಿನ್ನೂ ತಿಳದಿಲ್ಲ.”